ಪ್ರತಿಕ್ರಿಯೆ: ಬಿದ್ದ ಸುಮೋ ಮಲ್ಲ ಮತ್ತೆ ಎದ್ದದ್ದುಂಟೇ?

ಮೇಲಿನ ದರ್ಜೆಯಿಂದ ಜಾರಿದ ಸುಮೋ ಪಟು ಮತ್ತೆ ಮೇಲೇರಿದ್ದುಂಟೇ ಎಂದು ಕೇಳಿದ್ದೀರಿ. ಉಂಟು, ಮಂಗೋಲಿಯಾದ ತೆರುನೊಫುಜಿ. 2015ರಲ್ಲಿ ಓಜೆಕಿ, ಅಂದರೆ ಎರಡನೆಯ ಅತ್ಯುನ್ನತ ದರ್ಜೆಗೇರಿದರು. ಆಮೇಲೆ ಮೊಣಕಾಲುಗಳೇ ಕೈಕೊಟ್ಟವು, ಮಧುಮೇಹವೂ ಅಂಟಿಕೊಂಡಿತು. 2019ರ ಹೊತ್ತಿಗೆ ಕೆಳಗಿನಿಂದ ಎರಡನೆಯದಾದ ಜೊನಿದಾನ್ ವಿಭಾಗಕ್ಕೆ ಇಳಿದಿದ್ದರು. ಆರು ವಿಭಾಗಗಳಲ್ಲಿ ಮೇಲಿನ ಎರಡರವರಿಗೆ ಮಾತ್ರ ತಿಂಗಳ ಸಂಬಳ. ಹಾಗಾಗಿ ಹೆಸರಿನ ಜೊತೆ ಜೇಬೂ ಬರಿದು. ಬಿಟ್ಟುಬಿಡುತ್ತೇನೆ ಎಂದಾಗಲೆಲ್ಲ ಗುರುಗಳು ಒಪ್ಪಲಿಲ್ಲ, ಪುಣ್ಯಾತ್ಮರು. 2020ರ ಜುಲೈನಲ್ಲಿ ಅಗ್ರ ವಿಭಾಗಕ್ಕೆ ಮರಳಿದವರೇ ಪ್ರಶಸ್ತಿ ಗೆದ್ದರು. ಮರುವರ್ಷ 73ನೆಯ ಯೊಕೊಜುನಾ, ಅಂದರೆ ಅತ್ಯುನ್ನತ ದರ್ಜೆಯ ಮಲ್ಲ. ಅಂದ ಹಾಗೆ, ಯೊಕೊಜುನಾಗೆ ಹಿಂಬಡ್ತಿ ಇಲ್ಲ. ಆಡಲಾಗದಿದ್ದರೆ ನಿವೃತ್ತಿಯೊಂದೇ ದಾರಿ. 2025ರ ಜನವರಿಯಲ್ಲಿ, 10 ಪ್ರಶಸ್ತಿಗಳ ನಂತರ, ಅವರು ಹಿಡಿದದ್ದೂ ಅದನ್ನೇ.