ಮಗನನ್ನು ಕಾಯಲೋ, ಸ್ಪೀಕರ್ ಕಾಯಲೋ?

ಪ್ರಶ್ನೆ: ನಮ್ಮದು ಕಲಬುರಗಿ. ಮಗನಿಗೆ ಒಂದೂವರೆ ವರ್ಷ. ನಮ್ಮ ಮನೆಯವರು ಮೂರು ವರ್ಷ ದುಡ್ಡು ಕೂಡಿಟ್ಟು ದೀಪಾವಳಿಗೆ 55 ಇಂಚಿನ ಟಿವಿ, ಆಂಪ್ಲಿಫೈಯರ್, ಎರಡು ಉದ್ದನೆಯ ಸ್ಪೀಕರ್, ಒಂದು ವೂಫರ್ ತಂದರು. ಅಂದಿನಿಂದ ಬರೀ ಜಗಳ. ಮಗ ವಾಲ್ಯೂಮ್ ತಿರುವುತ್ತಾನೆ, ಸ್ಪೀಕರ್ ಅಪ್ಪಿಕೊಂಡು ಅಲ್ಲಾಡಿಸುತ್ತಾನೆ. ಹೋದ ವಾರ ಸ್ಪೀಕರಿಗೆ ಬೆರಳೊತ್ತಿ ತಗ್ಗು ಮಾಡಿದ. ಅವರು ಹೊಡೆದರು. ನಾನು ನಾಲ್ಕು ದಿನ ಮಾತು ಬಿಟ್ಟೆ. ‘ಕೂಸಿನ ಮ್ಯಾಲ ಲಕ್ಷ್ಯ ಇಡ್ಲಕ್ ಬರಲ್ಲೇನು ನಿನಗ?’ ಅಂತಾರೆ. ಹುಡುಗ ಸ್ವಲ್ಪ ದೊಡ್ಡವನಾಗೋವರೆಗೆ ಸೇಡಂನಲ್ಲಿ ನಿಮ್ಮವ್ವನ ಹತ್ತಿರ ಬಿಡು ಅಂತಾರೆ ಅತ್ತೆ. ಅದನ್ನೆಲ್ಲ ಮಾರಿಬಿಡಿ ಅಂದರೆ ತಪ್ಪಾ? ಇನ್ನೊಂದು ಮಾತು. ವೂಫರಿನ ತೂತಿಗೆ ಮಗ ಒಂದು ಹಿಡಿ ತೊಗರಿ ಬೇಳೆ ಸುರಿದಿದ್ದಾನೆ. ಅವರಿಗೆ ಇನ್ನೂ ಹೇಳಿಲ್ಲ.
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಮೊದಲು ಹೊಡೆತದ ಮಾತು ಮುಗಿಸಿಬಿಡೋಣ. ಒಂದೂವರೆ ವರ್ಷದ ಕೂಸಿಗೆ ಸ್ಪೀಕರ್ ಬೆಲೆ ಗೊತ್ತಾಗುವುದಿಲ್ಲ. ಯಾಕೆ ಏಟು ಬಿತ್ತು ಅನ್ನುವುದೂ ಗೊತ್ತಾಗುವುದಿಲ್ಲ. ಅಪ್ಪನ ಕೈ ಅಂದರೆ ಹೆದರಿಕೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಇದನ್ನು ನಿಮ್ಮ ಮನೆಯವರಿಗೆ ನೇರವಾಗಿಯೇ ಹೇಳಿ, ಆದರೆ ಅತ್ತೆಯ ಮುಂದೆ ಬೇಡ.

ಮಗನನ್ನು ಸೇಡಂಗೆ ಕಳಿಸಬೇಡಿ. ಅವನು ಎಲ್ಲಿ ಹೋದರೂ ಮುಟ್ಟುವವನೇ. ಅಲ್ಲಿ ನಿಮ್ಮವ್ವನ ಗಿರಣಿ ಡಬ್ಬಿ ಮುಟ್ಟುತ್ತಾನೆ, ಅಷ್ಟೇ. ಮಾರುವ ಮಾತನ್ನೂ ಈಗ ಎತ್ತಬೇಡಿ. ಮೂರು ವರ್ಷ ಆಸೆಪಟ್ಟು ತಂದದ್ದು. ಸಂಜೆ ದಣಿದು ಬಂದವರಿಗೆ ಅದೊಂದು ಸುಖ ಇರಬಹುದು, ಅಲ್ವಾ? ನೀವು ಮಾರಿ ಅಂದ ಕೂಡಲೇ ಅವರು ಸ್ಪೀಕರ್ ಕಡೆ, ನೀವು ಮಗನ ಕಡೆ ಆಗಿಬಿಡುತ್ತೀರಿ.

ನಿಮ್ಮ ಪತ್ರ ಓದಿ ನನಗೆ ಅನಿಸಿದ್ದು ಬೇರೆಯೇ. ಮಗನಿಂದ ಸ್ಪೀಕರಿಗೆ ಏನಾಗುತ್ತದೋ ಅಂತ ಇಬ್ಬರೂ ಜಗಳಾಡುತ್ತಿದ್ದೀರಿ. ಆ ಸಾಮಾನಿನಿಂದ ಮಗನಿಗೆ ಏನಾಗಬಹುದು ಅಂತ ಒಬ್ಬರೂ ನೋಡಿದಂತಿಲ್ಲ. 55 ಇಂಚಿನ ಟಿವಿ ಸುಮಾರು 15 ಕೆಜಿ ತೂಗುತ್ತದೆ. ಎರಡು ಸಣ್ಣ ಕಾಲಿನ ಮೇಲೆ ಮೇಜಿನ ಅಂಚಲ್ಲಿ ನಿಂತಿರುತ್ತದೆ. ಮಗ ಮೇಜಿನ ಡ್ರಾಯರ್ ಎಳೆದು ಅದರ ಮೇಲೆ ಕಾಲಿಟ್ಟು ಹತ್ತಿದರೆ ಸಾಕು, ಟಿವಿ ಮುಂದಕ್ಕೆ ಬರುತ್ತದೆ. ಸ್ಪೀಕರಿನದೂ ಇದೇ ಕಥೆ. ಎತ್ತರ ಜಾಸ್ತಿ, ತಳ ಸಣ್ಣದು. ಅವನು ಅಪ್ಪಿಕೊಂಡು ಅಲ್ಲಾಡಿಸುತ್ತಾನೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಎದೆ ಧಸಕ್ ಅಂತು.

ಈ ಭಾನುವಾರ ಮನೆಯವರನ್ನು ನೆಲದ ಮೇಲೆ ಕೂಡಿಸಿ. ಕೂಸು ಅಂಬೆಗಾಲಿಡುವಷ್ಟು ಎತ್ತರದಿಂದ ನೋಡಲಿ. ಆಂಪ್ಲಿಫೈಯರಿನ ಹೊಳೆಯುವ ಗುಂಡಿ, ಮಿಣುಕುವ ಕೆಂಪು ದೀಪ, ಜೋತಾಡುವ ವೈರು ಎಲ್ಲ ಅಲ್ಲಿಂದ ಜಾತ್ರೆಯ ಅಂಗಡಿ ಥರ ಕಾಣುತ್ತವೆ. ‘ಲಕ್ಷ್ಯ ಇಡು’ ಅಂತ ನಿಮಗೆ ಹೇಳುವುದು ಸುಲಭ. ಎರಡು ರೊಟ್ಟಿ ತಟ್ಟಿ ಬರುವಷ್ಟರಲ್ಲಿ ಆಗುವುದು ಆಗಿರುತ್ತದೆ. ಕೆಲಸವನ್ನು ಅವರ ಕೈಗೇ ಕೊಡಿ. ತಂದವರೇ ಕಟ್ಟಿ ಭದ್ರ ಮಾಡಲಿ.

ಟಿವಿಯನ್ನು ಗೋಡೆಗೆ ಹಾಕಿಸಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಅದರ ಬೆನ್ನಿಗೆ ಸ್ಟ್ಯಾಂಡ್ ಕೂರಿಸಲೆಂದೇ ನಾಲ್ಕು ಸ್ಕ್ರೂ ತೂತು ಇರುತ್ತವೆ. ಮೇಜೇ ಇರಲಿ ಅಂದರೆ ಅದೇ ತೂತಿನಿಂದ ಬೆಲ್ಟ್ ಹಾಕಿ ಗೋಡೆಗೆ ಬಿಗಿಯಬೇಕು, ಮೇಜನ್ನೂ ಬಿಗಿಯಬೇಕು. ನಿಮ್ಮದು ಹಳೇ ಕಲ್ಲಿನ ಮನೆಯಾದರೆ ಡ್ರಿಲ್ ಹಾಕುವವನಿಗೆ ಹೇಳಿ, ಕಲ್ಲಿಗೇ ಹೊಡೆಯಪ್ಪ, ಎರಡು ಕಲ್ಲಿನ ನಡುವಿನ ಸಂದಿಗೆ ಬೇಡ ಅಂತ. ಸಂದಿಯ ಮಣ್ಣು, ಗಾರೆ ಹಿಡಿದು ನಿಲ್ಲುವುದಿಲ್ಲ. ಸ್ಪೀಕರುಗಳಿಗೂ ಹಿಂದಿನಿಂದ ಬೆಲ್ಟ್ ಬರಲಿ. ಮುಂದಿನ ಬಟ್ಟೆಯ ಮುಚ್ಚಳ ತೆಗೆದಿಟ್ಟಿದ್ದರೆ ಮತ್ತೆ ಹಾಕಲಿ. ಚಂದ ಕಾಣಲಿ ಅಂತ ಗಂಡಸರು ಅದನ್ನು ತೆಗೆದು ಅಟ್ಟಕ್ಕೆ ಹಾಕಿರುತ್ತಾರೆ!

ಟಿವಿ ಕೆಳಗೆ ಅತ್ತೆ ಹಾಸಿದ ಕಸೂತಿ ಬಟ್ಟೆ ಏನಾದರೂ ಇದೆಯಾ? ನಮ್ಮ ಮನೆಯಲ್ಲಿ ಇತ್ತು. ನನ್ನ ಮಗಳು ಅದರ ತುದಿ ಹಿಡಿದು ಜಗ್ಗಿದಳು, ಮೇಲಿದ್ದ ಹಿತ್ತಾಳೆ ಹೂದಾನಿ ಅವಳ ಹೆಬ್ಬೆರಳ ಪಕ್ಕದಲ್ಲೇ ಬಿತ್ತು. ಇವತ್ತಿಗೂ ಆ ಸಪ್ಪಳ ಕಿವಿಯಲ್ಲಿದೆ. ಅತ್ತೆಯ ಬಟ್ಟೆಯನ್ನು ಸುಮ್ನೆ ತೆಗೆದಿಟ್ಟರೆ ಇನ್ನೊಂದು ಜಗಳ. ಸೋಫಾದ ಬೆನ್ನಿಗೆ ಹಾಸಿ, ಇಲ್ಲಿ ಚಲೋ ಕಾಣತದ ಅನ್ನಿ. ರಿಮೋಟು, ಆಟದ ಸಾಮಾನು ಟಿವಿ ಮೇಜಿನ ಮೇಲೆ ಇಡಲೇಬೇಡಿ. ಅದಕ್ಕಾಗಿಯೇ ಅವನು ಹತ್ತುತ್ತಾನೆ.

ರಿಮೋಟ್ ಅಂದೆನಲ್ಲ, ಇದನ್ನು ಮಾತ್ರ ಎರಡು ಸಲ ಓದಿ. ಕೆಲವು ಸಣ್ಣ ರಿಮೋಟುಗಳಲ್ಲಿ ನಾಣ್ಯದಂಥ ಚಪ್ಪಟೆ ಸೆಲ್ ಇರುತ್ತದೆ. ಸುಮಾರು 20 ಮಿಲಿಮೀಟರ್ ಅಗಲ, 3 ವೋಲ್ಟ್. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒದ್ದೆ ಮಾಂಸ ತಾಗಿದ ಕೂಡಲೇ ಕರೆಂಟ್ ಹರಿದು ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಸುಡುತ್ತದೆ. 2 ಗಂಟೆಯಲ್ಲೇ ಭಾರೀ ಗಾಯ ಆಗಬಹುದು. ರಿಮೋಟ್ ನಡೆಸಲು ಶಕ್ತಿ ಸಾಲದ ಹಳೇ ಸೆಲ್ಲಿಗೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮೇಲೆ ಕಾಣುವುದು ಬರೀ ಕೆಮ್ಮು, ಜೊಲ್ಲು, ಊಟ ಬೇಡ ಅನ್ನುವುದು. ನೆಗಡಿ ಇರಬೇಕು ಅಂತ ಮನೆಯಲ್ಲಿ ಕೂತುಬಿಡುತ್ತೇವೆ. ನುಂಗಿದ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಓಡಿ. ವಾಂತಿ ಮಾಡಿಸಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. ಜೇನುತುಪ್ಪ ಒಂದು ಮಾತ್ರ ಕೊಡಬಹುದು: ವರ್ಷ ತುಂಬಿದ ಮಗು ನುಂಗಿ 12 ಗಂಟೆ ಆಗಿರದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ, 6 ಸಲಕ್ಕಿಂತ ಜಾಸ್ತಿ ಬೇಡ. ಮನೆಯಲ್ಲಿ ಜೇನು ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ, ಹೊರಡಿ. ಇವತ್ತೇ ಮನೆಯ ಎಲ್ಲ ರಿಮೋಟಿನ ಬೆನ್ನು ತೆಗೆದು ನೋಡಿ. ಇಂಥ ಸೆಲ್ ಇದ್ದು ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ರಿಮೋಟ್ ಬೀಗ ಹಾಕುವ ಅಲ್ಮಾರಿಯಲ್ಲೇ ಇರಬೇಕು.

ಆಂಪ್ಲಿಫೈಯರನ್ನು ಗಾಜಿನ ಬಾಗಿಲಿನ ಕಪಾಟಿಗೆ ಹಾಕಿ ಮುಚ್ಚೋಣ ಅಂತ ಮನೆಯವರು ಅನ್ನಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಅದು ಒಳಗೇ ಕಾದು ಕೆಡುತ್ತದೆ. ಕಪಾಟಿನ ಬೆನ್ನು ತೆರೆದಿರಲಿ, ಮೇಲೆ ಗೇಣು ಜಾಗ ಇರಲಿ. ಅದರ ಸೆಟ್ಟಿಂಗಿನಲ್ಲಿ ವಾಲ್ಯೂಮ್ ಇಷ್ಟಕ್ಕಿಂತ ಮೇಲೆ ಹೋಗದಂತೆ ತಡೆಯುವ ಸೌಲಭ್ಯ ಇದೆಯಾ ನೋಡಲಿ, ಬಹಳ ಮಾಡೆಲುಗಳಲ್ಲಿ ಇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲಿದ್ದರೆ ಎತ್ತಿ ಕಟ್ಟಿ. ಕೂಲರಿಗೆ ಸುರಿದ ನೀರು ಚೆಲ್ಲಿ ಶಹಾಬಾದ್ ಕಲ್ಲಿನ ಮೇಲೆ ಹರಿದು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಇನ್ನು, ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ ತೋರಿಸಲೇಬೇಡಿ ಅನ್ನುತ್ತದೆ ನಮ್ಮ ದೇಶದ ಮಕ್ಕಳ ವೈದ್ಯರ ಸಂಘ. ಹಾಗಾಗಿ ಸಿನಿಮಾ ರಾತ್ರಿ, ಮಗ ಮಲಗಿದ ಮೇಲೆ. ನೀವೂ ಪಕ್ಕದಲ್ಲಿ ಕೂತು ಒಂದು ನೋಡಿ.

ಬೇಳೆ ವಿಷಯ ಭಾನುವಾರ, ಇಬ್ಬರೂ ನೆಲದ ಮೇಲೆ ಇರುವಾಗಲೇ ಹೇಳಿಬಿಡಿ. ಪ್ಲಗ್ ಕಿತ್ತು, ಅಲ್ಲಿಯವರೆಗೆ ವೂಫರ್ ಹಚ್ಚದೆ ಇಡಿ. ಕೆಳಗೆ ಪೇಪರ್ ಹಾಸಿ, ತೂತು ನೆಲದ ಕಡೆ ಬರುವಂತೆ ಇಬ್ಬರೂ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬೇಳೆಯ ಜೊತೆ ನೀವು ತಿಂಗಳಿಂದ ಹುಡುಕುತ್ತಿರುವ ಇನ್ನೂ ಏನೇನೋ ಬಿದ್ದೀತು.