ಸಂಪಾದಕರ ಉತ್ತರ: ಮೊದಲು ಗಾಯಕ್ಕೆ ಎಣ್ಣೆ

ಓದುಗರ ಪತ್ರ

ಮಾನ್ಯ ಸಂಪಾದಕರೇ, ನನಗೆ 61 ವರ್ಷ. ಕಳೆದ ಆಗಸ್ಟ್‌ನಲ್ಲಿ ಗಾನವೃಂದದ ಅಭ್ಯಾಸ ಮುಗಿಸಿ ಮನೆಗೆ ಬರುತ್ತಿದ್ದಾಗ ಬೈಕ್‌ನಲ್ಲಿ ಬಂದ ಇಬ್ಬರು ನನ್ನ ಸರಕ್ಕೆ ಕೈ ಹಾಕಿದರು. ಸರ ಬೇಗ ತುಂಡಾಗಲಿಲ್ಲ. ಸ್ವಲ್ಪ ದೂರ ಎಳೆದುಕೊಂಡೇ ಹೋದರು. ಬಲಭುಜದ ಮೂಳೆ ಮುರಿಯಿತು. ಈಗಲೂ ಕೈಯೆತ್ತಿ ತಲೆ ಬಾಚಿಕೊಳ್ಳಲು ಆಗುವುದಿಲ್ಲ. ಸುಲಿಗೆ ಕೇಸು ದಾಖಲಾಗಿದೆ. ಸಿಕ್ಕಿಬಿದ್ದವರಲ್ಲಿ ಒಬ್ಬ ನಮ್ಮ ಸಭೆಯ ಹುಡುಗ, ಸಂಡೇ ಸ್ಕೂಲಿನಲ್ಲಿ ನನ್ನ ಹತ್ತಿರವೇ ಕಲಿತವನು. ಸಭೆಯ ಹಿರಿಯರು ಮೂರು ಸಲ ಮನೆಗೆ ಬಂದರು. "ಕ್ಷಮಿಸಿಬಿಡಿ ಅಕ್ಕಾ, ಕೋರ್ಟಿನಲ್ಲಿ ಗುರುತು ಸಿಗಲಿಲ್ಲ ಅಂದರೆ ಸಾಕು" ಎನ್ನುತ್ತಾರೆ. ನನ್ನಿಂದ ಆಗುತ್ತಿಲ್ಲ. ಕರ್ತನ ಪ್ರಾರ್ಥನೆಯಲ್ಲಿ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಹೋಗುವುದನ್ನೂ ಬಿಟ್ಟಿದ್ದೇನೆ. ನಾನು ಕೃಪೆಯಿಂದ ಹೊರಗೆ ಬಿದ್ದೆನೇ?
— ಹೆಸರು ಬೇಡ, ಮಲೆನಾಡು

ಪ್ರಿಯ ಸಹೋದರಿ,

ಇಲ್ಲ. ನೀವು ಎಲ್ಲೂ ಬಿದ್ದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರ ಪೂರ್ತಿ ಓದುವ ತನಕ ನೀವು ಇದಕ್ಕಾಗಿ ಕಾಯಬಾರದು.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲ ಪುಟದಲ್ಲಿ ಅಕ್ಷರ ನೆಟ್ಟಗಿದೆ. ಎರಡನೆಯದರಲ್ಲಿ ಸಾಲುಗಳು ಕೆಳಕ್ಕೆ ಜಾರಿವೆ. ಕೈ ನೋಯುತ್ತಿದ್ದರೂ ನಿಲ್ಲಿಸದೆ ಬರೆದಿದ್ದೀರಿ. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಿಮ್ಮ ಹಿರಿಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಹುಡುಗ ಜೈಲಿಗೆ ಹೋದರೆ ಅವನ ತಾಯಿಯ ಗತಿಯೇನು ಎಂದು ಅವರಿಗೆ ಸಂಕಟ. ಎಷ್ಟು ಸಾರಿ ಕ್ಷಮಿಸಬೇಕು ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಹೇಳಿದ್ದು ಏಳು ಸಾರಿಯಲ್ಲ, ಏಳೆಪ್ಪತ್ತು ಸಾರಿ. ಅದನ್ನು ಅಳಿಸಿಹಾಕಲು ನನಗೂ ಅಧಿಕಾರವಿಲ್ಲ, ನಿಮಗೂ ಇಲ್ಲ. ಕ್ಷಮೆ ನಮ್ಮ ನಂಬಿಕೆಯ ಬೆನ್ನೆಲುಬು. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತೇನೆ.

ಅವರು ನಿಮ್ಮಿಂದ ಕೇಳಿದ್ದು ಕ್ಷಮೆಯನ್ನಲ್ಲ. "ಗುರುತು ಸಿಗಲಿಲ್ಲ" ಎಂದು ಪ್ರಮಾಣ ಮಾಡಿ ಹೇಳಿ ಅಂದರೆ ಅದು ಸುಳ್ಳು ಸಾಕ್ಷಿ. ಹತ್ತು ಆಜ್ಞೆಗಳನ್ನು ನೀವೇ ಆ ಹುಡುಗನಿಗೆ ಬಾಯಿಪಾಠ ಮಾಡಿಸಿದ್ದೀರಿ. ಈಗ ಅವನ ಕಣ್ಣೆದುರೇ ಸಾಕ್ಷಿಕಟ್ಟೆಯಲ್ಲಿ ನಿಂತು ಅದರಲ್ಲೊಂದನ್ನು ಮುರಿದರೆ ಅವನಿಗೆ ಸಿಗುವುದು ಯಾವ ಪಾಠ? ಕ್ಷಮಿಸಬೇಕಾದರೆ ಮೊದಲು "ನೀನು ಇದನ್ನು ಮಾಡಿದೆ" ಎಂದು ಹೇಳಬೇಕು. ಮಾಡೇ ಇಲ್ಲ ಅಂದಮೇಲೆ ಕ್ಷಮಿಸಲು ಏನು ಉಳಿಯಿತು?

ಇನ್ನೊಂದು ಕಡೆ ನೋಡಿ. ಯೇಸು ಹೇಳಿದ ಕತೆಗಳಲ್ಲಿ ಊರಿಗೆಲ್ಲ ಗೊತ್ತಿರುವ ಕತೆಯೇ ಒಂದು ಸುಲಿಗೆಯ ಕತೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಒಬ್ಬ ಕಳ್ಳರ ಕೈಗೆ ಸಿಕ್ಕಿಬಿದ್ದ. ಅವರು ಬಟ್ಟೆ ಕಿತ್ತುಕೊಂಡು, ಹೊಡೆದು, ಅರೆಜೀವ ಮಾಡಿ ಹೋದರು. ಯಾಜಕ ಓರೆಯಾಗಿ ಹೋದ. ದೇವಾಲಯದ ಸೇವೆ ಮಾಡುವ ಲೇವಿಯನೂ ಹೋದ. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು ಮಾತ್ರ ನಿಂತ. ನಿಂತು ಏನು ಮಾಡಿದ? ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟು ಕಟ್ಟಿದ. ತಾನು ಕೂರುವ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರಕ್ಕೆ ಕರೆದುಕೊಂಡು ಹೋಗಿ ರಾತ್ರಿಯಿಡೀ ನೋಡಿಕೊಂಡ. ಬೆಳಿಗ್ಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ಬರುವಾಗ ನಾನೇ ಕೊಡುತ್ತೇನೆ ಅಂದ. ಲೂಕನ 10ನೇ ಅಧ್ಯಾಯವನ್ನು ಈಗಲೇ ತೆಗೆದು ಓದಿ. ದಾರಿಯಲ್ಲಿ ಬಿದ್ದವನ ಕಿವಿಯಲ್ಲಿ ಯಾರಾದರೂ "ಕಳ್ಳರನ್ನು ಕ್ಷಮಿಸಿದೆಯಾ?" ಎಂದು ಕೇಳಿದ್ದಾರಾ? ಒಂದು ಕಡೆಯೂ ಇಲ್ಲ. ಕ್ಷಮೆಯನ್ನು ಅಷ್ಟು ಕಲಿಸಿದ ಯೇಸುವೇ ಹೇಳಿದ ಕತೆ ಇದು.

ನಿಮ್ಮ ಮನೆಗೆ ಮೂರು ಸಲ ಬಂದವರು ಒಂದು ಸಲವಾದರೂ ಫಿಸಿಯೋಥೆರಪಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದರೇ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಕೇಳಿದ್ದರೆ ಖಂಡಿತ ಬರೆಯುತ್ತಿದ್ದಿರಿ.

ಕ್ಷಮಿಸುವುದೆಂದರೆ ಸುಮ್ನೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮಗೆ ಯಾರು ಕಲಿಸಿದರೋ. ಇನ್ನೊಂದು ಕೆನ್ನೆ ತೋರಿಸು ಎಂದ ಯೇಸುವನ್ನೇ ನೋಡಿ. ವಿಚಾರಣೆಯ ಹೊತ್ತಿನಲ್ಲಿ ಕಾವಲಿನವನೊಬ್ಬ ಅವನಿಗೆ ಹೊಡೆದಾಗ ಅವನು ಸುಮ್ಮನಿರಲಿಲ್ಲ. ನಾನು ಹೇಳಿದ್ದು ತಪ್ಪಾದರೆ ಏನು ತಪ್ಪು ತೋರಿಸು, ಸರಿಯಾದರೆ ಯಾಕೆ ಹೊಡೆದೆ ಎಂದು ಕೇಳಿದ. ಯೋಹಾನ 18ರಲ್ಲಿದೆ. ಯೋಸೇಫನೂ ಹಾಗೆಯೇ. ಹಿಂದೆ ತನ್ನನ್ನು ದಾಸನಾಗಿ ಮಾರಿದ್ದ ಅಣ್ಣಂದಿರು ಧಾನ್ಯಕ್ಕೆಂದು ಐಗುಪ್ತಕ್ಕೆ (ಈಜಿಪ್ಟಿಗೆ) ಬಂದಾಗ ಓಡಿ ಹೋಗಿ ತಬ್ಬಿಕೊಳ್ಳಲಿಲ್ಲ. ಮೂರು ದಿನ ಕಾವಲಲ್ಲಿಟ್ಟ. ಆಚೆ ಹೋಗಿ ಅತ್ತ. ಎರಡನೇ ಸಲ ಬಂದಾಗಲೂ ಒಳಗಿನ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ. ತಮ್ಮನ ಸಲುವಾಗಿ ತಾನೇ ದಾಸನಾಗಿ ಉಳಿಯುತ್ತೇನೆ ಎಂದು ಆ ಅಣ್ಣಂದಿರಲ್ಲೊಬ್ಬನಾದ ಯೆಹೂದ ಮುಂದೆ ಬಂದ ಮೇಲೆಯೇ "ನಾನು ಯೋಸೇಫ" ಎಂದು ಬಾಯಿಬಿಟ್ಟ. ಮಾರಿದವರು ಬದಲಾಗಿದ್ದಾರೋ ಇಲ್ಲವೋ ಎಂದು ಅವನು ನೋಡಬೇಕಿತ್ತು. ಅದಕ್ಕೆ ಯಾರೂ ಅವನನ್ನು ನಂಬಿಕೆ ಕಡಿಮೆಯವನು ಅನ್ನಲಿಲ್ಲ.

ಹಿರಿಯರು ನಿಮಗೆ ಗ್ಲಾಡಿಸ್ ಸ್ಟೇನ್ಸ್ ಅವರ ಉದಾಹರಣೆಯನ್ನೂ ಕೊಟ್ಟರಂತೆ. "ಗಂಡನನ್ನೂ ಮಕ್ಕಳನ್ನೂ ಸುಟ್ಟವರನ್ನು ಆ ತಾಯಿ ಕ್ಷಮಿಸಿದರು, ನಿಮ್ಮದು ಒಂದು ಸರ" ಅಂದರಂತೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ವಾಹನದಲ್ಲಿ ಮಲಗಿದ್ದ ಅವರ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್, ಮಕ್ಕಳಾದ 10 ವರ್ಷದ ಫಿಲಿಪ್, 6 ವರ್ಷದ ತಿಮೋತಿ ಬೆಂಕಿಗೆ ಬಲಿಯಾದರು. ಆ ತಾಯಿ ಕ್ಷಮಿಸಿದೆ ಎಂದರು. ಮಗಳನ್ನು ಕಟ್ಟಿಕೊಂಡು ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅದರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆ ಬೇರೆ ಎಂಬುದನ್ನೂ ಅವರು ಸ್ಪಷ್ಟವಾಗಿ ಹೇಳಿದ್ದರು. ಕೇಸು ನಡೆಯಿತು. ಮುಖ್ಯ ಆರೋಪಿಗೆ ಕೆಳಗಿನ ಕೋರ್ಟು ಮರಣದಂಡನೆ ವಿಧಿಸಿತು, ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಬ್ಬ ತಾಯಿಗೆ ದೇವರು ಕೊಟ್ಟ ಕೃಪೆಯನ್ನು ಕೋಲು ಮಾಡಿಕೊಂಡು ಇನ್ನೊಬ್ಬ ಹೆಂಗಸಿನ ಮುರಿದ ಭುಜಕ್ಕೆ ಹೊಡೆಯುವುದು ಯಾವ ನ್ಯಾಯ?

ಬಿಡುಗಡೆ ಮಾಡಿ ಎಂದು ಕೇಳಿಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಕೇರಳದಿಂದ ಮಧ್ಯಪ್ರದೇಶಕ್ಕೆ ಹೋಗಿ ಬಡ ರೈತರ ನಡುವೆ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿಯಲ್ಲಿ ಬಸ್ಸಿನಲ್ಲೇ ಇರಿದು ಕೊಂದರು. ಕೊಂದವನ ಕೈಗೆ ಅವರ ತಂಗಿ, ಅವರೂ ಸನ್ಯಾಸಿನಿಯೇ, ಜೈಲಿಗೆ ಹೋಗಿ ರಾಖಿ ಕಟ್ಟಿದರು. ತಾಯಿ ಆ ಕೈಗೆ ಮುತ್ತಿಟ್ಟರು. ಮನೆಯವರ ಕೋರಿಕೆಯಿಂದ 2006ರಲ್ಲಿ ಅವನಿಗೆ ಬಿಡುಗಡೆಯೂ ಆಯಿತು. ಆದರೆ ಲೆಕ್ಕ ಹಾಕಿ ನೋಡಿ. ರಾಖಿ ಕಟ್ಟಿದ್ದು 2002ರಲ್ಲಿ, ಅಂದರೆ ಏಳು ವರ್ಷದ ಮೇಲೆ. ಅಷ್ಟರಲ್ಲಿ ಕೋರ್ಟು ತೀರ್ಪು ಕೊಟ್ಟಿತ್ತು, ಅವನು ಜೈಲಿನಲ್ಲಿ ಕೂತು ಪಶ್ಚಾತ್ತಾಪಪಟ್ಟಿದ್ದ. ನಿಮಗೆ ಏಳು ತಿಂಗಳೂ ಕೊಡಲು ಇವರು ತಯಾರಿಲ್ಲ.

ಕೈಯೆತ್ತಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿದಾಗ ಕೋರಿ ಟೆನ್ ಬೂಮ್ ನೆನಪಾದರು. ಹಾಲೆಂಡಿನ ಹಾರ್ಲೆಮ್ ಊರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮನೆತನ. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ನಾಜಿಗಳು ಹಿಡಿದರು. ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲೇ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕೋರಿ ಕ್ಷಮೆಯ ಬಗ್ಗೆಯೇ ಮಾತಾಡಿ ಮುಗಿಸಿದ್ದರು. ಅದೇ ಶಿಬಿರದ ಕಾವಲುಗಾರನೊಬ್ಬ ಎದುರು ಬಂದು, ಕ್ಷಮಿಸಿ ಎಂದು ಕೈ ಚಾಚಿದ. ಕೋರಿಯವರ ಕೈ ಏಳಲೇ ಇಲ್ಲ. ಮೂಳೆ ಮುರಿದಿರಲಿಲ್ಲ, ಆದರೂ ಏಳಲಿಲ್ಲ. ನನ್ನಿಂದ ಆಗದು, ನೀನೇ ಮಾಡು ಎಂದು ಒಳಗೇ ಪ್ರಾರ್ಥಿಸಿದ ಮೇಲೆ ಎದ್ದಿತು. ಊರೂರು ಸುತ್ತಿ ಕ್ಷಮೆಯನ್ನು ಬೋಧಿಸುತ್ತಿದ್ದವರ ಕೈಯ ಗತಿ ಅದು. ಕೃಪೆ ಎಂದರೆ ಅದೇ ಅಲ್ವಾ? ಹಿಂಡಿ ತೆಗೆಯುವ ವಸ್ತುವಲ್ಲ. ಕೊಡುವವನು ಕೊಡಬೇಕು. ಒಂದು ಮಾತು ಗಮನಿಸಿ: ಆ ಮನುಷ್ಯ ತಾನೇ ಬಂದು ಕೇಳಿದ. ನಿಮ್ಮ ಹುಡುಗ ಇನ್ನೂ ಬಂದಿಲ್ಲ.

ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ನಮ್ಮ ತಂದೆ ಟೈಲರ್. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಅಂಗಡಿಗೆ ನುಗ್ಗಿದ ಒಬ್ಬ ಕಬ್ಬಿಣದ ಸಲಾಕೆಯಿಂದ ಅವರ ಬಲಗೈಗೆ ಹೊಡೆದ. ಎರಡು ಬೆರಳು ಮತ್ತೆ ಮಡಚಲೇ ಇಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ಕಲಿಯಲು ಹೊರಟರು. ಆದರೆ ಟೈಲರ್ ಕತ್ತರಿ ಮಾಡಿರುವುದೇ ಬಲಗೈಗೆ. ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ತಾಗುವುದಿಲ್ಲ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ. ಹಾಳಾದ ತುಂಡುಗಳನ್ನು ಅಮ್ಮ ಕೌದಿಗೆ ಜೋಡಿಸುತ್ತಿದ್ದಳು. ಆಗಲೂ ಜನ ಬಂದರು, ಆಗಲೂ ಅದೇ ಮಾತು: ಕ್ಷಮಿಸಿಬಿಡಿ, ಕೇಸು ಬೇಡ. ತಂದೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕರೆದಾಗಲೆಲ್ಲ ಕೋರ್ಟಿಗೆ ಹೋದರು. ಬಹಳ ಸಲ ದಿನಾಂಕ ಮುಂದೆ ಹೋಗಿ ಬರಿಗೈಲಿ ವಾಪಸಾದರು.

ಸಾಕ್ಷಿ ಹೇಳಿದ ದಿನ ನಾನೂ ಜೊತೆಗಿದ್ದೆ. ಕಟ್ಟೆ ಹತ್ತಿ ಆ ಮನುಷ್ಯನ ಕಡೆ ಕೈ ತೋರಿಸಿ "ಇವನೇ" ಅಂದರು. ದನಿ ನಡುಗಲಿಲ್ಲ. ಹೊರಗೆ ಬಂದರೆ ಕಾರಿಡಾರಿನ ಬೆಂಚಿನ ಮೇಲೆ ಅವನ ತಾಯಿ ಕೂತಿದ್ದಳು. ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದ ಮುದುಕಿ. ತಂದೆ ಅವಳ ಪಕ್ಕದಲ್ಲಿ ಕೂತು ಡಬ್ಬಿ ತೆಗೆದರು. ಚಪಾತಿ, ಕಾಯಿಚಟ್ನಿ. "ಊಟ ಆಯ್ತೇನಮ್ಮಾ?" ಎಂದು ಕೇಳಿ ಮುಚ್ಚಳದಲ್ಲಿ ಎರಡು ಚಪಾತಿ ಹಾಕಿಕೊಟ್ಟರು. ಅವಳು ಅಳುತ್ತಾ ತಿಂದಳು. ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ, "ಅವನನ್ನು ಕ್ಷಮಿಸಿದಿರಾ ಅಪ್ಪಾ?" ತಂದೆ ಹೇಳಿದ್ದು, "ಇನ್ನೂ ಇಲ್ಲ ಮಗ. ಇವತ್ತು ಅವನ ತಾಯಿ ತನಕ ಬಂದಿದ್ದೀನಿ."

ಆ ದಿನದ ನೆನಪಿನಿಂದಲೇ ಈ ಪತ್ರಿಕೆಗೆ ಕ್ಷಮೆಯ ಬಗ್ಗೆ ಯಾರೇ ಲೇಖನ ಕಳಿಸಲಿ, ಪೆಟ್ಟು ತಿಂದವರ ಬಗ್ಗೆ ಒಂದು ಸಾಲಾದರೂ ಇದೆಯಾ ಎಂದು ಹುಡುಕುತ್ತೇನೆ. ಬಹಳ ಸಲ ಇರುವುದಿಲ್ಲ. ನಮ್ಮ ಸಭೆಗಳಲ್ಲಿ ಕ್ರಿಸ್‌ಮಸ್‌ಗೆ ಕೇಕ್ ತೆಗೆದುಕೊಂಡು ಜೈಲಿಗೆ ಹೋಗುವ ತಂಡಗಳಿವೆ. ಹೋಗಲೇಬೇಕು. ಸೆರೆಯಲ್ಲಿದ್ದವರನ್ನು ನೋಡಲು ಹೋಗುವುದು ಯೇಸುವಿನ ಮಾತೇ. ಆದರೆ ಅದೇ ಕೇಸಿನಲ್ಲಿ ಪೆಟ್ಟು ತಿಂದವರ ಮನೆಗೆ ಹೋಗುವ ತಂಡ ಎಲ್ಲಿದೆ? ಕನ್ವೆನ್ಷನ್‌ಗಳಲ್ಲಿ "ನಾನು ಕಳ್ಳನಾಗಿದ್ದೆ, ಕರ್ತನು ನನ್ನನ್ನು ಎತ್ತಿದ" ಎನ್ನುವವರಿಗೆ ಮೈಕು ಸಿಗುತ್ತದೆ, ಹಲ್ಲೆಲೂಯ ಸಿಗುತ್ತದೆ. ಅವನ ಕೈಯಲ್ಲಿ ಕಳೆದುಕೊಂಡವಳು ಹಿಂದಿನ ಸಾಲಿನಲ್ಲಿ ಕೂತಿರಬಹುದು. ಅವಳಿಗೆ ಮೈಕಿಲ್ಲ. ಬೈಬಲಿನ ಸುಂಕದ ಅಧಿಕಾರಿ ಜಕ್ಕಾಯ ಹಾಗೆ ಮಾಡಲಿಲ್ಲ. ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಆಮೇಲೆಯೇ ಯೇಸು "ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು" ಅಂದಿದ್ದು. ನಿಮ್ಮ ಆಸ್ಪತ್ರೆ ಬಿಲ್ಲಿನಲ್ಲಿ ನಾಲ್ಕರಲ್ಲಿ ಒಂದು ಭಾಗವನ್ನಾದರೂ ಕೊಡುವ ಮಾತು ಆ ಕಡೆಯಿಂದ ಬಂತೇ? ನಿಮ್ಮ ಹಿರಿಯರು ಅದನ್ನು ಆ ಮನೆಯಲ್ಲಿ ಕೇಳಲಿ, ನಿಮ್ಮನ್ನು ನೋಡಲು ಆಮೇಲೆ ಬರಲಿ.

ಕೆಲಸಕ್ಕೆ ಬರುವ ಎರಡು ಮಾತು. ಸುಲಿಗೆಯ ಕೇಸು ನಿಮ್ಮ ಮತ್ತು ಆ ಹುಡುಗನ ನಡುವಿನ ಜಗಳವಲ್ಲ, ಅದನ್ನು ನಡೆಸುವುದು ಸರ್ಕಾರ. ಅದು ರಾಜಿಗೆ ಬರುವ ಅಪರಾಧವೂ ಅಲ್ಲ. ಆದ್ದರಿಂದ "ಕೇಸು ನಿಮ್ಮ ಕೈಯಲ್ಲಿದೆ" ಎಂದು ಯಾರಾದರೂ ನಿಮ್ಮ ಮೇಲೆ ಹೊರಿಸಿದರೆ ನಂಬಬೇಡಿ. ನಿಮ್ಮ ಕೈಯಲ್ಲಿರುವುದು ಕಂಡದ್ದನ್ನು ಕಂಡ ಹಾಗೆ ಹೇಳುವುದು ಮಾತ್ರ. ಶಿಕ್ಷೆ ಎಷ್ಟು ಎಂಬುದು ನ್ಯಾಯಾಧೀಶರ ಕೆಲಸ. ಇನ್ನೊಂದು, ಅಪರಾಧದಿಂದ ನೊಂದವರಿಗೆ ಪರಿಹಾರ ಕೊಡುವ ಯೋಜನೆ ಕರ್ನಾಟಕದಲ್ಲಿ 2011ರಿಂದ ಇದೆ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಅಲ್ಲಿ ವಿಚಾರಿಸಿ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ ಜೊತೆಗಿರಲಿ.

ಈಗ ನಿಮ್ಮನ್ನೂ ಸ್ವಲ್ಪ ಗದರಬೇಕು. ಕರ್ತನ ಭೋಜನಕ್ಕೆ ಹೋಗುವುದನ್ನು ಬಿಟ್ಟಿದ್ದೀರಲ್ಲ, ಅದು ಸರಿಯಲ್ಲ. ಹಸಿದವರು ಊಟದ ಮೇಜಿನಿಂದ ಎದ್ದು ಹೋಗುತ್ತಾರೆಯೇ? ಬರುವ ಭಾನುವಾರವೇ ಹೋಗಿ, ನಿಮ್ಮ ಜಾಗದಲ್ಲಿ ಕೂರಿ. ಆ ಸಾಲು ಬಂದಾಗ ಬಾಯಿ ಕಟ್ಟಿದರೆ ಕಟ್ಟಲಿ. ಆ ಪ್ರಾರ್ಥನೆಯಲ್ಲಿ "ನಾನು" ಎಂಬ ಮಾತು ಒಂದು ಕಡೆಯೂ ಇಲ್ಲ, ಎಲ್ಲ ಕಡೆ "ನಾವು", "ನಮ್ಮ". ನಿಮಗೆ ಹೇಳಲು ಆಗದ ದಿನ ಪಕ್ಕದಲ್ಲಿ ನಿಂತವರು ನಿಮ್ಮ ಪರವಾಗಿಯೂ ಹೇಳುತ್ತಾರೆ. ನೀವು ಪ್ರಾರ್ಥನೆಯ ಮುಂದಿನ ಸಾಲಿಗೆ ಸೇರಿಕೊಳ್ಳಿ. ಗಾನವೃಂದದವರಿಗೆ ಇದು ಗೊತ್ತಿಲ್ಲವೇ? ಒಬ್ಬರಿಗೆ ಉಸಿರು ಸಾಲದಾಗ ಉಳಿದವರು ರಾಗ ಬೀಳದಂತೆ ಹಿಡಿದುಕೊಳ್ಳುತ್ತಾರೆ.

ಕೋರ್ಟಿನಲ್ಲಿ ನಿಮ್ಮ ಸಾಕ್ಷಿಯ ದಿನ ಯಾವಾಗ ಎಂದು ಒಂದು ಕಾರ್ಡು ಬರೆದು ಹಾಕಿ. ನಾನೂ ನನ್ನ ಹೆಂಡತಿಯೂ ಬರುತ್ತೇವೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇವೆ. ಊಟದ ಡಬ್ಬಿ ನೀವು ತರಬೇಡಿ. ನಾವೇ ತರುತ್ತೇವೆ, ಇನ್ನೊಬ್ಬರಿಗೂ ಆಗುವಷ್ಟು.