ಬ್ರೋಕರೇಜ್ ಹೋಲಿಸುವ ಮೊದಲು ಡಾಲರ್ ಕೈಸೇರುವ ಖರ್ಚನ್ನು ನೋಡಿ

ತಿಂಗಳಿಗೆ 20,000 ರೂಪಾಯಿಯಂತೆ ಅಮೆರಿಕದ ಸುಮಾರು ಐನೂರು ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ನಿಧಿಯಲ್ಲಿ ಹೂಡಬೇಕೆಂದಿದ್ದೀರಿ. ಒಬ್ಬ ಬ್ರೋಕರ್ ಏನನ್ನೂ ಪಡೆಯುವುದಿಲ್ಲ, ಇನ್ನೊಬ್ಬ ಪ್ರತಿ ಖರೀದಿಗೆ ನಾಲ್ಕು ಡಾಲರ್ ಪಡೆಯುತ್ತಾನೆ, ವರ್ಷಕ್ಕೆ 48 ಡಾಲರ್ ಉಳಿಯುವುದರಿಂದ ಮೊದಲನೆಯವನೇ ಸರಿಯಲ್ಲವೇ ಎಂದು ಕೇಳಿದ್ದೀರಿ. 2020ರ ಡಿಸೆಂಬರ್‌ನಲ್ಲಿ ನಾನೂ ಇದೇ ಲೆಕ್ಕವನ್ನು ಕಾಗದದ ಮೇಲೆ ಹಾಕಿ, ಇದೇ ತೀರ್ಮಾನಕ್ಕೆ ಬಂದಿದ್ದೆ. ಆ ತೀರ್ಮಾನಕ್ಕೆ ನಾನು ತೆತ್ತದ್ದು ಸುಮಾರು 32,000 ರೂಪಾಯಿ.

ನನ್ನದು ಸಾಗರದ ಹತ್ತಿರದ ಅಡಿಕೆ ತೋಟದ ಮನೆ; ನೌಕರಿ ಬೆಂಗಳೂರಿನಲ್ಲಿ. ಮಗಳು ಮುಂದೆ ವಿದೇಶದಲ್ಲಿ ಓದುವುದಾದರೆ ಡಾಲರ್‌ನಲ್ಲಿ ಸ್ವಲ್ಪ ಉಳಿತಾಯವಿರಲಿ ಎಂಬುದು ನನ್ನ ಉದ್ದೇಶವಾಗಿತ್ತು. ಮೂರು ವಾರ ಸಂಜೆ ಹೊತ್ತೆಲ್ಲ ನಿಧಿಗಳ ವಾರ್ಷಿಕ ಶುಲ್ಕವನ್ನೂ ಬ್ರೋಕರ್‌ಗಳ ದರಪಟ್ಟಿಯನ್ನೂ ಹೋಲಿಸುತ್ತ ಕುಳಿತಿದ್ದೆ. ಇದೇ ಸೂಚ್ಯಂಕದ ಎಸ್‌ಪಿವೈ ನಿಧಿಯ ಶುಲ್ಕ ಶೇ. 0.0945, ವ್ಯಾನ್‌ಗಾರ್ಡ್‌ನ ವಿಒಒ ನಿಧಿಯದು ಶೇ. 0.03 ಎಂದು ತಿಳಿದಾಗ ಎರಡನೆಯದನ್ನು ಆರಿಸಿಕೊಂಡು ಬಹಳ ಸಮಾಧಾನಪಟ್ಟೆ. ಶುಲ್ಕವಿಲ್ಲದ ಬ್ರೋಕರ್‌ನಲ್ಲಿ ಖಾತೆ ತೆರೆದು, 2021ರ ಜನವರಿಯಿಂದ ತಿಂಗಳಿಗೆ 25,000 ರೂಪಾಯಿ ಕಳುಹಿಸತೊಡಗಿದೆ.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದು ಹಾಗೆಯೇ ಕುಳಿತಿದೆ. ನನ್ನ ಲೆಕ್ಕದ ಹಾಳೆಯ ಮೊದಲ ಅಂಕಣ ‘ಬ್ರೋಕರ್ ಖಾತೆಗೆ ಬಂದ ಡಾಲರ್’ ಎಂದಿತ್ತು. ಅಲ್ಲಿಂದ ಮುಂದಿನ ಪ್ರತಿಯೊಂದು ಸೆಂಟನ್ನೂ ನಾನು ಬರೆದಿಡುತ್ತಿದ್ದೆ. ಅದಕ್ಕೂ ಮೊದಲು ಏನಾಯಿತು ಎಂಬುದಕ್ಕೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಬ್ಯಾಂಕಿನ ಸಂದೇಶ ಖಾತೆಯಿಂದ ಹೋದ ರೂಪಾಯಿಯನ್ನು ಮಾತ್ರ ತೋರಿಸುತ್ತಿತ್ತು, ಬ್ರೋಕರ್‌ನ ಆ್ಯಪ್ ಬಂದ ಡಾಲರನ್ನು ಮಾತ್ರ ತೋರಿಸುತ್ತಿತ್ತು. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಕಾದವನು ನಾನು, ಮತ್ತು ನಾನು ಬರೆಯಲಿಲ್ಲ.

2021ರ ನವೆಂಬರ್‌ನ ಒಂದು ರವಾನೆಯನ್ನು ನೋಡಿ. ಆ ದಿನ ಮಾರುಕಟ್ಟೆಯಲ್ಲಿ ಡಾಲರ್ 74.20 ರೂಪಾಯಿ ಇತ್ತು. ಬ್ಯಾಂಕು ನನಗೆ ಹಾಕಿದ್ದು ತನ್ನ ಕಾರ್ಡ್ ರೇಟ್, ಅಂದರೆ ಚೌಕಾಸಿ ಮಾಡದ ಗ್ರಾಹಕರಿಗೆ ಹಾಕುವ ಪಟ್ಟಿಯ ದರ, 75.40. ರವಾನೆ ಶುಲ್ಕ 500 ರೂಪಾಯಿ, ಅದರ ಮೇಲೆ ಜಿಎಸ್‌ಟಿ 90. ಕರೆನ್ಸಿ ಬದಲಾವಣೆಗೇ ಬೇರೆ ಜಿಎಸ್‌ಟಿ ಇದೆ; ಸಣ್ಣ ಮೊತ್ತಕ್ಕೂ ಕನಿಷ್ಠ 45 ರೂಪಾಯಿ ಕೊಡಲೇಬೇಕು. ಇಷ್ಟು ಕಳೆದು ಉಳಿದ 24,365 ರೂಪಾಯಿಗೆ 323 ಡಾಲರ್ ಸಿಕ್ಕಿತು. ನಮ್ಮ ಬ್ಯಾಂಕಿಗೂ ಬ್ರೋಕರ್‌ನ ಬ್ಯಾಂಕಿಗೂ ನಡುವೆ ಇದ್ದ ಮಧ್ಯವರ್ತಿ ಬ್ಯಾಂಕು ಅದರಲ್ಲಿ 10 ಡಾಲರ್ ಹಿಡಿದುಕೊಂಡಿತು. ತಲುಪಿದ್ದು 313 ಡಾಲರ್. ಮಾರುಕಟ್ಟೆ ದರದಲ್ಲಿಯೇ ಬದಲಾಗಿದ್ದರೆ, ಯಾರೂ ಏನನ್ನೂ ಹಿಡಿಯದಿದ್ದರೆ ಸಿಗಬೇಕಾಗಿದ್ದುದು 337. ಹೋದದ್ದು 24 ಡಾಲರ್, ಅಂದರೆ 1,780 ರೂಪಾಯಿ: ಕಳುಹಿಸಿದ ಹಣದಲ್ಲಿ ಶೇ. 7. ಅದೇ 25,000 ರೂಪಾಯಿಯ ಮೇಲೆ ಎರಡು ನಿಧಿಗಳ ಶುಲ್ಕದ ವ್ಯತ್ಯಾಸ ವರ್ಷಕ್ಕೆ 16 ರೂಪಾಯಿ. ಮೂರು ವಾರ ನಾನು ಹೋಲಿಸಿದ್ದು ಆ 16 ರೂಪಾಯಿಯನ್ನು.

ಹದಿನೆಂಟು ತಿಂಗಳು ಇದು ನನ್ನ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿತ್ತು. ಆ ಅವಧಿಯಲ್ಲಿ ಡಾಲರ್ 73 ರೂಪಾಯಿಯ ಆಸುಪಾಸಿನಿಂದ 80ರ ಹತ್ತಿರಕ್ಕೆ ಏರಿತು. 2022ರಲ್ಲಿ ಅಮೆರಿಕದ ಮಾರುಕಟ್ಟೆ ಇಳಿಯುತ್ತಿದ್ದರೂ ರೂಪಾಯಿಯಲ್ಲಿ ನೋಡಿದಾಗ ನನ್ನ ಹೂಡಿಕೆ ಅಷ್ಟೇನೂ ಕುಗ್ಗಿದಂತೆ ತೋರುತ್ತಿರಲಿಲ್ಲ. ಸೋರಿಕೆಯನ್ನು ರೂಪಾಯಿಯ ಕುಸಿತ ಮುಚ್ಚಿಬಿಟ್ಟಿತ್ತು. 2022ರ ಜುಲೈನಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ವಿದೇಶಿ ಆಸ್ತಿಗಳ ‘ಷೆಡ್ಯೂಲ್ ಎಫ್‌ಎ’ ತುಂಬಬೇಕಾಯಿತು. ಅದಕ್ಕಾಗಿ ಪ್ರತಿ ಖರೀದಿಯ ಡಾಲರ್ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ, ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡಿದೆ. ಒಂದು ಸಾಲೂ ಕೂಡಲಿಲ್ಲ. ನಾನು ಎಲ್ಲೋ ತಪ್ಪಿ ಬರೆದಿದ್ದೇನೆಂದುಕೊಂಡು ಎರಡು ದಿನ ಹುಡುಕಿ, ಕೊನೆಗೆ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿಯನ್ನು (ರವಾನೆಯ ಬಗ್ಗೆ ಬ್ಯಾಂಕುಗಳ ನಡುವೆ ಹೋದ ಸಂದೇಶದ ನಕಲು) ತರಿಸಿ ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ಬ್ಯಾಂಕು ಏನನ್ನೂ ಬಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರಿಗೆ ಷೇರು ಪೇಟೆ ಗೊತ್ತಿಲ್ಲ, ಆದರೆ ವಿಷಯ ತಕ್ಷಣ ಅರ್ಥವಾಯಿತು. “ಧಾರಣೆ ಒಂದನ್ನೇ ಕೇಳ್ಕೊಂಡು ಅಡಿಕೆ ಲಾರಿಗೆ ಹಾಕಿದ ಹಾಗಾಯ್ತು. ಬಾಡಿಗೆ, ಹಮಾಲಿ, ಚೀಲಕ್ಕೆ ಕಳೆಯೋ ತೂಕ ಎಲ್ಲ ಮೊದಲೇ ಕೇಳಬೇಕಿತ್ತಲ್ಲೋ” ಎಂದರು. ನಲವತ್ತು ವರ್ಷ ಅವರು ಮನೆಯಲ್ಲಿ ಮಾಡಿದ್ದು ಇದೇ ಲೆಕ್ಕವನ್ನು, ನನ್ನ ಕಣ್ಣೆದುರೇ.

ಆದ್ದರಿಂದ ‘ಯಾವ ಬ್ರೋಕರ್ ಅಗ್ಗ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಿಂಗಳಿಗೆ 20,000 ರೂಪಾಯಿಯನ್ನು ವಿದೇಶಕ್ಕೆ ಕಳುಹಿಸುವ ಕ್ರಮವೇ ದುಬಾರಿ. ಯಾವ ಬ್ರೋಕರ್ ಕೂಡ ಅದನ್ನು ಅಗ್ಗವಾಗಿಸಲಾರ. ಮಾಸಿಕ ಕಂತಿನ ಶಿಸ್ತು ಬೇಕೆಂದಿದ್ದರೆ ಆ ಹಣವನ್ನು ಇಲ್ಲಿಯೇ ಆರ್‌ಡಿಯಲ್ಲೋ ಲಿಕ್ವಿಡ್ ಫಂಡ್‌ನಲ್ಲೋ ಕೂಡಿಡಿ, ವರ್ಷಕ್ಕೊಮ್ಮೆ ಒಟ್ಟಿಗೆ ಕಳುಹಿಸಿ. ಅಷ್ಟರೊಳಗೆ ಮಾರುಕಟ್ಟೆ ಏರಿಬಿಟ್ಟರೆ ಎಂಬ ಆತಂಕ ನನಗೂ ಇತ್ತು. ಆದರೆ ಏರಬಹುದು, ಇಳಿಯಲೂಬಹುದು, ಶೇ. 7ರ ಕಡಿತ ಮಾತ್ರ ಪ್ರತಿ ತಿಂಗಳೂ ಖಚಿತ. 2023ರಿಂದ ನಾನು ವರ್ಷಕ್ಕೊಂದು ಸಲ ಮೂರು ಲಕ್ಷ ಕಳುಹಿಸುತ್ತಿದ್ದೇನೆ. ಶಾಖೆಗೆ ಹೋಗಿ ವಿದೇಶಕ್ಕೆ ಹಣ ಕಳುಹಿಸುವ ಅರ್ಜಿಯಾದ ಎ2 ಫಾರ್ಮ್ ಕೊಡುವ ಮೊದಲು ಕಾರ್ಡ್ ರೇಟ್ ಬೇಡವೆಂದು ಹೇಳಿ, ಮಾರುಕಟ್ಟೆ ದರದ ಮೇಲೆ ಎಷ್ಟು ಪೈಸೆ ಸೇರಿಸುತ್ತೀರಿ ಎಂದು ಕೇಳುತ್ತೇನೆ. ಮೊದಲ ಸಲ ಕೇಳಲು ಸಂಕೋಚವಾಗಿತ್ತು. ಒಂದು ರೂಪಾಯಿ ಇಪ್ಪತ್ತು ಪೈಸೆ ಇದ್ದದ್ದು ನಲವತ್ತು ಪೈಸೆಗೆ ಇಳಿಯಿತು. ಮಧ್ಯವರ್ತಿ ಬ್ಯಾಂಕಿನ ಶುಲ್ಕವನ್ನು ಕಳುಹಿಸುವವನೇ ಭರಿಸುವ ‘ಒಯುಆರ್’ ಆಯ್ಕೆಯನ್ನು ಅರ್ಜಿಯಲ್ಲಿ ಗುರುತಿಸಿದರೆ ಮೊತ್ತ ಪೂರ್ತಿಯಾಗಿ ತಲುಪುತ್ತದೆ. ಈಗ ನನ್ನ ಒಟ್ಟು ಖರ್ಚು ಶೇ. 1ರ ಆಸುಪಾಸಿನಲ್ಲಿದೆ.

ಒಂದು ಹಣಕಾಸು ವರ್ಷದಲ್ಲಿ ಒಬ್ಬರು 2,50,000 ಡಾಲರ್‌ವರೆಗೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಯೋಜನೆ ಅವಕಾಶ ಕೊಡುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ ಒಟ್ಟು 10 ಲಕ್ಷ ರೂಪಾಯಿಯವರೆಗಿನ ರವಾನೆಗೆ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ, ಆದ್ದರಿಂದ ನಿಮ್ಮ ಮೊತ್ತಕ್ಕೆ ಆ ಚಿಂತೆ ಬೇಡ.

ಇನ್ನು ನಿಧಿಯ ಶುಲ್ಕದ ವಿಷಯ. ಶೇ. 0.03 ಎಂಬ ಸಂಖ್ಯೆ ನನ್ನನ್ನು ಮರುಳುಮಾಡಿದಂತೆ ನಿಮ್ಮನ್ನೂ ಮಾಡದಿರಲಿ. ಅಮೆರಿಕದಲ್ಲಿ ನೋಂದಾಯಿತವಾದ ನಿಧಿಯ ಲಾಭಾಂಶದಲ್ಲಿ ಶೇ. 25ನ್ನು ಅಲ್ಲಿನ ಸರ್ಕಾರ ಮೊದಲೇ ಹಿಡಿದುಕೊಳ್ಳುತ್ತದೆ. ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ, ಪ್ರತಿ ವರ್ಷ ಆ ಲಾಭಾಂಶ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬಿನ ದರದಲ್ಲಿ ತೆರಿಗೆ ಬೀಳುತ್ತದೆ. ಐರ್ಲೆಂಡ್‌ನಲ್ಲಿ ನೋಂದಾಯಿತವಾಗಿ ಲಂಡನ್ ಷೇರು ಪೇಟೆಯಲ್ಲಿ ಡಾಲರ್‌ನಲ್ಲಿಯೇ ಸಿಗುವ ನಿಧಿಗಳಿವೆ. ಐಶೇರ್ಸ್‌ನ ಸಿಎಸ್‌ಪಿಎಕ್ಸ್ ಅಂಥದ್ದು, ಅದರ ಶುಲ್ಕ ಶೇ. 0.07. ಅದು ಅಮೆರಿಕಕ್ಕೆ ಶೇ. 15 ಮಾತ್ರ ತೆತ್ತು, ಲಾಭಾಂಶವನ್ನು ಹಂಚದೆ ಮತ್ತೆ ಅದೇ ನಿಧಿಯಲ್ಲಿ ತೊಡಗಿಸುತ್ತದೆ. ಕಾಗದದ ಮೇಲೆ ಎರಡು ಪಟ್ಟಿಗೂ ಹೆಚ್ಚು ಶುಲ್ಕ ಪಡೆಯುವ ನಿಧಿಯೇ ನನ್ನ ಕೈಗೆ ಹೆಚ್ಚು ಉಳಿಸಿಕೊಡುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ನಿವಾಸಿಯಲ್ಲದವರು ತೀರಿಕೊಂಡಾಗ ಅಲ್ಲಿ ಅವರಿಗಿರುವ ಆಸ್ತಿಯಲ್ಲಿ 60,000 ಡಾಲರ್ ಮೀರಿದ ಭಾಗಕ್ಕೆ ಶೇ. 40ರವರೆಗೆ ಉತ್ತರಾಧಿಕಾರದ ತೆರಿಗೆ ಬೀಳುತ್ತದೆ, ಮತ್ತು ಇದಕ್ಕೆ ಸಂಬಂಧಿಸಿದ ಒಪ್ಪಂದ ಭಾರತದೊಡನೆ ಇಲ್ಲ. ನಮ್ಮಲ್ಲಿ ಅಂಥ ತೆರಿಗೆ 1985ರಲ್ಲಿಯೇ ರದ್ದಾದ್ದರಿಂದ ಇದು ನಮ್ಮ ಯೋಚನೆಗೇ ಬರುವುದಿಲ್ಲ. ಇಪ್ಪತ್ತು ವರ್ಷ ಹೂಡುವವರಿಗೆ 60,000 ಡಾಲರ್ ದೂರದ ಮಾತಲ್ಲ. ಮಗಳಿಗೆಂದು ಕೂಡಿಟ್ಟದ್ದರ ಒಂದು ಪಾಲು ಅಲ್ಲಿಯೇ ಉಳಿಯಬಹುದೆಂದು ತಿಳಿದ ದಿನ ನಾನು ಬ್ಯಾಂಕಿನ ಶುಲ್ಕ ತಿಳಿದ ದಿನಕ್ಕಿಂತ ಹೆಚ್ಚು ಗಾಬರಿಯಾದೆ. ಐರ್ಲೆಂಡ್‌ನ ನಿಧಿಗೆ ಆ ತೆರಿಗೆ ತಗಲುವುದಿಲ್ಲ.

ನೀವು ಹೇಳಿದ ಮೊದಲ ಬ್ರೋಕರ್‌ನಲ್ಲಿ ಅಮೆರಿಕದ ಷೇರು ಪೇಟೆ ಮಾತ್ರ ಲಭ್ಯವೆಂದು ನೀವೇ ಬರೆದಿದ್ದೀರಿ. ಎರಡನೆಯವನಲ್ಲಿ ಲಂಡನ್ ಕೂಡ ಇದೆ. ನಾಲ್ಕು ಡಾಲರ್ ಪಡೆಯುವ ಅವನಲ್ಲಿಯೇ ಖಾತೆ ತೆರೆಯಿರಿ. ವರ್ಷಕ್ಕೆ ಒಂದೇ ಖರೀದಿ ಮಾಡಿದರೆ ನೀವು ಕೊಡುವುದೂ ಆ ನಾಲ್ಕೇ ಡಾಲರ್. ಅದಕ್ಕೂ ಮೊದಲು ಬ್ಯಾಂಕಿಗೆ ಹೋಗಿ ದರವನ್ನು ಬರವಣಿಗೆಯಲ್ಲಿ ಪಡೆಯಿರಿ, ಲೆಕ್ಕದ ಹಾಳೆಯ ಮೊದಲ ಅಂಕಣಕ್ಕೆ ‘ಖಾತೆಯಿಂದ ಹೋದ ರೂಪಾಯಿ’ ಎಂದು ಹೆಸರಿಡಿ.